ಎನ್‌ಪಿಎಚ್ ಮತ್ತು ಶಂಟ್: ಓದುಗರ ಪ್ರಶ್ನೆ, ತಜ್ಞರ ಉತ್ತರ

ಮಿದುಳಿನ ಒಳಗಿನ ಕುಹರಗಳಲ್ಲಿ ದಿನಕ್ಕೆ ಸುಮಾರು ಅರ್ಧ ಲೀಟರ್ ದ್ರವ ತಯಾರಾಗುತ್ತದೆ. ಆದರೆ ಯಾವ ಹೊತ್ತಿನಲ್ಲೂ ತಲೆ ಮತ್ತು ಬೆನ್ನುಹುರಿಯ ಸುತ್ತ ಇರುವುದು 150 ಮಿ.ಲೀ. ಆಸುಪಾಸು ಮಾತ್ರ, ಮಿಕ್ಕದ್ದು ರಕ್ತಕ್ಕೆ ಸೇರಿಹೋಗುತ್ತದೆ. ವಯಸ್ಸಾದ ಕೆಲವರಲ್ಲಿ ಈ ಹರಿವು ಹದ ತಪ್ಪಿ ಕುಹರಗಳು ಹಿಗ್ಗುತ್ತವೆ. ಬೆನ್ನಿಗೆ ಸೂಜಿ ಹಾಕಿ ಅಳೆದರೆ ಒತ್ತಡ ಮಾತ್ರ ಮಾಮೂಲಾಗಿಯೇ ಕಾಣುತ್ತದೆ. ಇದೇ ನಾರ್ಮಲ್ ಪ್ರೆಶರ್ ಹೈಡ್ರೊಸೆಫಲಸ್, ಅಂದರೆ ಎನ್‌ಪಿಎಚ್. ಕೊಲಂಬಿಯಾದ ಬೊಗೊಟಾದಲ್ಲಿ ನರಶಸ್ತ್ರಚಿಕಿತ್ಸಕರಾಗಿದ್ದ ಸಾಲೊಮೋನ್ ಹಕೀಮ್ ಇದನ್ನು ಮೊದಲು ಗುರುತಿಸಿದರು. ಅಮೆರಿಕದ ರೇಮಂಡ್ ಆಡಮ್ಸ್ ಮತ್ತಿತರರ ಜತೆ 1965ರಲ್ಲಿ ಅವರು ಬರೆದ ಪ್ರಬಂಧದಿಂದ ಇದು ಜಗತ್ತಿಗೆ ತಿಳಿಯಿತು. ಮುದುಕರ ನಡಿಗೆ ಕೆಡುವ ಕಾಯಿಲೆಗಳಲ್ಲಿ ಆಪರೇಷನ್‌ನಿಂದ ಸುಧಾರಿಸಬಹುದಾದವು ಕೆಲವೇ, ಇದು ಅವುಗಳಲ್ಲೊಂದು. ಆ ಆಪರೇಷನ್‌ನಲ್ಲಿ ಚರ್ಮದಡಿ ಕೂರಿಸುವ, ಹೆಚ್ಚಾದ ದ್ರವವನ್ನು ಹೊಟ್ಟೆಗೆ ಹರಿಸಿಬಿಡುವ ಕೊಳವೆಯೇ ಶಂಟ್. ಈ ಸಲದ ಪ್ರಶ್ನೆಗಳೆಲ್ಲ ಇವುಗಳ ಬಗ್ಗೆಯೇ.

ಅಪ್ಪನಿಗೆ 74. ಒಂದೂವರೆ ವರ್ಷದಿಂದ ಕಾಲು ಎಳೆದು ನಡೆಯುತ್ತಾರೆ, ಈಚೆಗೆ ಬಚ್ಚಲು ಮುಟ್ಟುವಷ್ಟರಲ್ಲಿ ಮೂತ್ರ ಹೋಗಿಬಿಡುತ್ತದೆ. ಪಾರ್ಕಿನ್ಸನ್ ಅಂತ ಮಾತ್ರೆ ಕೊಟ್ಟರು, ಉಪಯೋಗವಾಗಲಿಲ್ಲ. ಸಿ.ಟಿ.ಯಲ್ಲಿ ‘ಕುಹರ ಹಿಗ್ಗಿದೆ, ವಯಸ್ಸಿನಿಂದ ಇರಬಹುದು’ ಎಂದಿದೆ. ಇದು ಎನ್‌ಪಿಎಚ್ ಇರಬಹುದೆ?
— ದಾವಣಗೆರೆಯ ಓದುಗರು

ಇರಬಹುದು, ಮುಂದಿನ ಪರೀಕ್ಷೆ ಮಾಡಿಸಲೇಬೇಕು. ಎನ್‌ಪಿಎಚ್‌ಗೆ ಮೂರು ಲಕ್ಷಣ: ನಡಿಗೆ ಕೆಡುವುದು, ಮೂತ್ರ ತಡೆಯಲಾಗದಿರುವುದು, ಮರೆವು. ಮೂರೂ ಸೇರಿದ ಮೇಲೆ ಡಾಕ್ಟರ ಹತ್ತಿರ ಹೋಗೋಣ ಎಂದು ಕಾಯುವುದು ತಪ್ಪು. ಸಾಮಾನ್ಯವಾಗಿ ಮೊದಲು ಕೆಡುವುದು ನಡಿಗೆ. ಆ ಹಂತದಲ್ಲೇ ಹಿಡಿದರೆ ಫಲ ಹೆಚ್ಚು.

ನಡಿಗೆಯನ್ನು ಗಮನಿಸಿ ನೋಡಿ. ಎನ್‌ಪಿಎಚ್ ಇರುವವರು ಕಾಲು ಅಗಲಿಸಿ, ಪಾದದ ತುದಿ ಹೊರಕ್ಕೆ ತಿರುಗಿಸಿ, ಅಂಗಾಲು ನೆಲಕ್ಕೆ ಅಂಟಿಕೊಂಡ ಹಾಗೆ ಚಿಕ್ಕ ಚಿಕ್ಕ ಹೆಜ್ಜೆ ಇಡುತ್ತಾರೆ. ತಿರುಗುವಾಗ ಒಂದೇ ಜಾಗದಲ್ಲಿ ಏಳೆಂಟು ಹೆಜ್ಜೆ ಬೇಕಾಗುತ್ತದೆ. ಆದರೆ ಕೈ ಬೀಸುವುದು ಬಹುಮಟ್ಟಿಗೆ ಚೆನ್ನಾಗಿರುತ್ತದೆ. ಪಾರ್ಕಿನ್ಸನ್‌ನಲ್ಲಿ ಹಾಗಲ್ಲ: ಕೈ ಬೀಸುವುದು ಕಡಿಮೆಯಾಗಿರುತ್ತದೆ, ಅದೂ ಒಂದು ಬದಿಗೆ ಹೆಚ್ಚು, ಕೂತಾಗ ಕೈ ನಡುಗಬಹುದು, ಲೆವೊಡೋಪ ಮಾತ್ರೆಗೆ ಸುಧಾರಣೆ ಕಾಣುತ್ತದೆ. ಸಾಕಷ್ಟು ಪ್ರಮಾಣದ ಮಾತ್ರೆಯನ್ನು ಸಾಕಷ್ಟು ದಿನ ಕೊಟ್ಟೂ ನಿಮ್ಮ ತಂದೆಯವರಿಗೆ ಏನೂ ಆಗಿಲ್ಲವೆಂದರೆ ರೋಗನಿರ್ಣಯವನ್ನು ಮತ್ತೆ ನೋಡಲು ಅದೇ ಸಾಕಷ್ಟು ಕಾರಣ.

ಸಿ.ಟಿ. ವರದಿಯಲ್ಲಿ ‘ಇವಾನ್ಸ್ ಸೂಚ್ಯಂಕ’ ಎಷ್ಟೆಂದು ಕೇಳಿ. ಕುಹರದ ಮುಂಭಾಗದ ಅಗಲವನ್ನು ಬುರುಡೆಯ ಒಳ ಅಗಲದಿಂದ ಭಾಗಿಸಿದರೆ ಬರುವ ಸಂಖ್ಯೆ ಅದು, 0.3 ದಾಟಿದರೆ ಹಿಗ್ಗಿದೆ ಎಂದರ್ಥ. ಮಿದುಳು ಸವೆದರೂ ಕುಹರ ದೊಡ್ಡದಾಗಿ ಕಾಣುವುದರಿಂದ ಈ ಸಂಖ್ಯೆಯೊಂದೇ ಸಾಲದು, ಎಂ.ಆರ್.ಐ. ಬೇಕು. ನೆತ್ತಿಯ ಭಾಗದ ಮಡಿಕೆಗಳು ಒತ್ತೊತ್ತಾಗಿದ್ದು, ಪಕ್ಕದ ಸಿಲ್ವಿಯನ್ ಬಿರುಕು ಅಗಲವಾಗಿದ್ದು, ಮಿದುಳಿನ ಎರಡು ಅರ್ಧಗಳನ್ನು ಬೆಸೆಯುವ ಕಾರ್ಪಸ್ ಕೆಲೋಸಂ ಕೆಳಗಿನ ಕೋನ 90 ಡಿಗ್ರಿಗಿಂತ ಕಿರಿದಾಗಿದ್ದರೆ ಎನ್‌ಪಿಎಚ್ ಕಡೆಗೆ ತಕ್ಕಡಿ ವಾಲುತ್ತದೆ. ಬರೀ ಸವೆತವಾದರೆ ನೆತ್ತಿಯ ಮಡಿಕೆಗಳ ನಡುವೆಯೂ ಜಾಗ ಬಿಟ್ಟಿರುತ್ತದೆ.

ಜತೆಗೆ ಬಿ-12, ಥೈರಾಯ್ಡ್ ನೋಡಿಸಿ. ಸಸ್ಯಾಹಾರಿ ಮನೆಗಳಲ್ಲಿ ಬಿ-12 ಕೊರತೆ ಅಪರೂಪವಲ್ಲ, ಅದೂ ನಡಿಗೆ, ನೆನಪು ಎರಡನ್ನೂ ಕೆಡಿಸುತ್ತದೆ. ಕತ್ತು ಅಥವಾ ಸೊಂಟದ ಮೂಳೆಯಲ್ಲಿ ನರ ಒತ್ತಿಕೊಂಡಿದೆಯೆ, ಪ್ರಾಸ್ಟೇಟ್ ದೊಡ್ಡದಾಗಿದೆಯೆ ಎಂಬುದನ್ನೂ ಬಿಡಬೇಡಿ. ಈ ವಯಸ್ಸಿನಲ್ಲಿ ಎರಡು ಕಾಯಿಲೆ ಒಟ್ಟಿಗೇ ಇರುವುದು ಸಾಮಾನ್ಯ.

ಅಮ್ಮನ ಬೆನ್ನಿನಿಂದ ನೀರು ತೆಗೆದು ನೋಡಿದರು. ‘ವ್ಯತ್ಯಾಸ ಕಾಣಲಿಲ್ಲ, ಶಂಟ್ ಬೇಡ’ ಎಂದರು. ಇಲ್ಲಿಗೆ ಮುಗಿಯಿತೆ?
— ಮೈಸೂರಿನ ಓದುಗರು

ಮುಗಿದಿಲ್ಲ. ನೀವು ಹೇಳುತ್ತಿರುವುದು ಟ್ಯಾಪ್ ಟೆಸ್ಟ್. ಅದರಲ್ಲಿ ನಡಿಗೆ ಸುಧಾರಿಸಿದರೆ ಶಂಟ್‌ನಿಂದಲೂ ಸುಧಾರಿಸುವ ಸಂಭವ ಚೆನ್ನಾಗಿದೆ. ಸುಧಾರಿಸಲಿಲ್ಲ ಎಂಬ ಮಾತ್ರಕ್ಕೆ ಶಂಟ್ ಉಪಯೋಗವಿಲ್ಲ ಎನ್ನಲಾಗದು. ಟ್ಯಾಪ್ ಟೆಸ್ಟ್‌ನಲ್ಲಿ ಏನೂ ಕಾಣದೆ ಶಂಟ್ ನಂತರ ಚೆನ್ನಾಗಿ ನಡೆದವರೂ ಇದ್ದಾರೆ.

ಮೊದಲು ಕೇಳಬೇಕಾದದ್ದು, ಪರೀಕ್ಷೆ ಹೇಗೆ ಮಾಡಿದರು ಎಂದು. ತೆಗೆಯಬೇಕಾದದ್ದು 30ರಿಂದ 50 ಮಿ.ಲೀ. ಲ್ಯಾಬಿಗೆ ಕಳಿಸಲು 5 ಮಿ.ಲೀ. ತೆಗೆದರೆ ಅದು ಟ್ಯಾಪ್ ಟೆಸ್ಟ್ ಅಲ್ಲ. ಎರಡನೆಯದು ಅಳತೆ. ‘ಈಗ ಹೇಗನ್ನಿಸುತ್ತೆ ಅಜ್ಜಿ?’ ಎಂದು ಕೇಳುವುದು ಅಳತೆಯಾಗುವುದಿಲ್ಲ. ಸೂಜಿ ಹಾಕುವ ಮೊದಲು ಕುರ್ಚಿಯಿಂದ ಎದ್ದು 3 ಮೀಟರ್ ನಡೆದು, ತಿರುಗಿ ಬಂದು ಕೂರಲು ಎಷ್ಟು ಸೆಕೆಂಡ್ ಬೇಕು, 10 ಮೀಟರ್‌ಗೆ ಎಷ್ಟು ಸೆಕೆಂಡ್, ಎಷ್ಟು ಹೆಜ್ಜೆ ಎಂದು ಬರೆದಿಟ್ಟುಕೊಳ್ಳಬೇಕು. ನೀರು ತೆಗೆದ 2ರಿಂದ 4 ಗಂಟೆಗೆ, ಮತ್ತೆ ಮಾರನೆಯ ದಿನ ಅದೇ ಜಾಗದಲ್ಲಿ, ಅದೇ ಚಪ್ಪಲಿಯಲ್ಲಿ, ಅದೇ ಕೋಲು ಹಿಡಿಸಿ ಅಳೆಯಬೇಕು. ಕೆಲವರಲ್ಲಿ ಸುಧಾರಣೆ ಎರಡನೆಯ ದಿನ ಕಾಣುತ್ತದೆ. ಅಷ್ಟರಲ್ಲಿ ಡಿಸ್ಚಾರ್ಜ್ ಆಗಿ ಮನೆಗೆ ಬಂದಿದ್ದರೆ ಅದು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಆದ್ದರಿಂದ ಮೂರು ದಿನ ಮೊಬೈಲಿನಲ್ಲಿ ವಿಡಿಯೊ ತೆಗೆಯಿರಿ, ಪಾದ ಮತ್ತು ತಿರುಗುವ ಜಾಗ ಎರಡೂ ಕಾಣುವಂತೆ. ಆ ವಿಡಿಯೊ ಡಾಕ್ಟರಿಗೆ ಹತ್ತು ಪ್ರಶ್ನೆಗಳಿಗಿಂತ ಹೆಚ್ಚು ಹೇಳುತ್ತದೆ.

ಎಂ.ಆರ್.ಐ. ಎನ್‌ಪಿಎಚ್ ಎಂದೇ ಹೇಳುತ್ತಿದ್ದು ಟ್ಯಾಪ್ ಟೆಸ್ಟ್ ಮಾತ್ರ ಒಪ್ಪದಿದ್ದರೆ ಮುಂದಿನ ಹೆಜ್ಜೆ ಲಂಬಾರ್ ಡ್ರೈನ್. ಬೆನ್ನಿಗೆ ಸಣ್ಣ ಕೊಳವೆ ಹಾಕಿ, ಗಂಟೆಗೆ ಸುಮಾರು 10 ಮಿ.ಲೀ.ನಂತೆ ಮೂರು ದಿನ ಹರಿಸುತ್ತಾರೆ. ಆಸ್ಪತ್ರೆಯಲ್ಲೇ ಇರಬೇಕು. ಸೋಂಕು ತಗಲುವ, ಹೆಚ್ಚು ಹರಿದು ತಲೆನೋವು ಬರುವ ಅಪಾಯವಿರುವುದರಿಂದ ಎಲ್ಲರಿಗೂ ಇದನ್ನು ಮಾಡುವುದಿಲ್ಲ.

ಆಪರೇಷನ್ ಇಲ್ಲದೆ ಮಾತ್ರೆಯಲ್ಲೇ ಕಡಿಮೆಯಾಗುವುದಿಲ್ಲವೆ?
— ಗದಗದ ಓದುಗರು

ಎನ್‌ಪಿಎಚ್ ಗುಣಪಡಿಸುತ್ತದೆಂದು ಸಿದ್ಧವಾದ ಯಾವ ಮಾತ್ರೆಯೂ ಇಲ್ಲ, ಕಷಾಯವೂ ಇಲ್ಲ. ಮೂತ್ರಕ್ಕೆ, ನೆನಪಿಗೆ ಕೊಡುವ ಮಾತ್ರೆಗಳು ಆಯಾ ಲಕ್ಷಣಕ್ಕೆ ಮಾತ್ರ. ಅವುಗಳನ್ನು ನುಂಗುತ್ತಾ ವರ್ಷ ಕಳೆದರೆ ನಷ್ಟ ರೋಗಿಗೇ.

ಒಂದು ಕಡೆ ಕೆಲವೇ ಸಾವಿರದ ಶಂಟ್, ಇನ್ನೊಂದು ಕಡೆ ಲಕ್ಷದ ಆಸುಪಾಸಿನ ‘ಪ್ರೋಗ್ರಾಮೆಬಲ್’ ವಾಲ್ವ್. ನಿಜವಾಗಿಯೂ ಅಷ್ಟು ವ್ಯತ್ಯಾಸವಿದೆಯೆ?
— ಹಾಸನದ ಓದುಗರು

ಎನ್‌ಪಿಎಚ್ ಮಟ್ಟಿಗೆ ಇದೆ. ಕಾರಣ ತಿಳಿಯಲು ಶಂಟ್ ಎಂದರೇನು ಎಂದು ನೋಡೋಣ. ಅದಕ್ಕೆ ಮೂರು ಭಾಗ. ಒಂದು, ಕುಹರದೊಳಗೆ ಕೂರುವ ತೂತುಗಳಿರುವ ಸಿಲಿಕೋನ್ ಕೊಳವೆ. ಎರಡು, ಕಿವಿಯ ಹಿಂದೆ ಅಥವಾ ನೆತ್ತಿಯ ಬಳಿ ಚರ್ಮದಡಿ ಇರುವ ವಾಲ್ವ್. ಮೂರು, ಕತ್ತು, ಎದೆಯ ಚರ್ಮದಡಿ ಇಳಿದು ಹೊಟ್ಟೆಯ ಪೊರೆಯೊಳಗೆ ಬಿಡುವ ಉದ್ದ ಕೊಳವೆ. ಹೊಟ್ಟೆಗೆ ಬಂದ ದ್ರವವನ್ನು ದೇಹ ಹೀರಿಕೊಳ್ಳುತ್ತದೆ. ಹೊಟ್ಟೆಗೆ ಬಿಡಲಾಗದಿದ್ದರೆ ಹೃದಯದ ಬಲ ಹೃತ್ಕರ್ಣಕ್ಕೆ ಬಿಡುತ್ತಾರೆ. ತಲೆಯನ್ನು ಮುಟ್ಟದೆ ಸೊಂಟದಿಂದ ಹೊಟ್ಟೆಗೆ ಹಾಕುವ ವಿಧಾನವೂ ಇದೆ, ಜಪಾನಿನಲ್ಲಿ ಅದು ಹೆಚ್ಚು ಬಳಕೆಯಲ್ಲಿದೆ.

ಚಿಕಿತ್ಸೆ ಇರುವುದು ವಾಲ್ವ್‌ನಲ್ಲಿ. ಅದು ಇಂತಿಷ್ಟು ಒತ್ತಡ ದಾಟಿದರೆ ತೆರೆ, ಇಲ್ಲವಾದರೆ ಮುಚ್ಚಿರು ಎಂಬ ಸಣ್ಣ ಬಾಗಿಲು. ಅಗ್ಗದ ವಾಲ್ವ್‌ಗಳಲ್ಲಿ ಈ ಒತ್ತಡ ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ: ಲೋ, ಮೀಡಿಯಂ, ಹೈ. ಉತ್ತರ ಪ್ರದೇಶದ ಶಹಜಹಾನ್‌ಪುರದಲ್ಲಿ ತಯಾರಾಗುವ ಛಾಬ್ರಾ ಶಂಟ್ ಈ ಬಗೆಯದು. ಬಡ ಕುಟುಂಬಗಳ ಎಷ್ಟೋ ಮಕ್ಕಳ ಜೀವ ಉಳಿಸಿದ ಸಾಧನ ಅದು, ಅಗ್ಗವೆಂದು ಕೀಳಾಗಿ ಕಾಣುವಂಥದ್ದಲ್ಲ.

ತೊಡಕಿರುವುದು ಎನ್‌ಪಿಎಚ್ ರೋಗಿಗೆ ಎಷ್ಟು ಒತ್ತಡ ಸರಿ ಎಂಬುದು ಆಪರೇಷನ್ ದಿನ ಯಾರಿಗೂ ತಿಳಿದಿರುವುದಿಲ್ಲ ಎಂಬಲ್ಲಿ. ಜಾಸ್ತಿ ಇಟ್ಟರೆ ನೀರು ಇಳಿಯದು, ನಡಿಗೆ ಸುಧಾರಿಸದು. ಕಡಿಮೆ ಇಟ್ಟರೆ ನೀರು ಬೇಗ ಇಳಿದು, ವಯಸ್ಸಿಗೆ ಕುಗ್ಗಿದ ಮಿದುಳು ಬುರುಡೆಯಿಂದ ಸರಿದು, ನಡುವಿನ ಸಣ್ಣ ರಕ್ತನಾಳ ಹರಿದು ರಕ್ತ ನಿಲ್ಲಬಹುದು. ಪ್ರೋಗ್ರಾಮೆಬಲ್ ವಾಲ್ವ್‌ನ ಒತ್ತಡವನ್ನು ಚರ್ಮದ ಮೇಲಿನಿಂದಲೇ ಅಯಸ್ಕಾಂತದ ಉಪಕರಣದಿಂದ ಬದಲಿಸಬಹುದು. ಕಾಡ್ಮನ್ ಹಕೀಮ್ ವಾಲ್ವ್‌ನ ಒಳಗೆ ಒಂದು ಸಣ್ಣ ಮಾಣಿಕ್ಯದ ಗುಂಡು, ಅದನ್ನು ಒತ್ತಿ ಹಿಡಿಯುವ ಸ್ಪ್ರಿಂಗ್, ಸ್ಪ್ರಿಂಗ್ ಕೆಳಗೆ ಸುರುಳಿ ಮೆಟ್ಟಿಲಿರುವ ಚಕ್ರ ಇವೆ. ಉಪಕರಣ ಚಕ್ರ ತಿರುಗಿಸಿದಂತೆ ಸ್ಪ್ರಿಂಗ್ ಮೆಟ್ಟಿಲು ಹತ್ತಿ ಬಿಗಿಯಾಗುತ್ತದೆ, ಇಳಿದು ಸಡಿಲಾಗುತ್ತದೆ. 30ರಿಂದ 200 ಮಿ.ಮೀ. ನೀರಿನ ಒತ್ತಡದವರೆಗೆ, ಹತ್ತು ಹತ್ತರಂತೆ 18 ಹಂತ. ಸರ್ಟಾಸ್ ಎಂಬ ಇನ್ನೊಂದು ವಾಲ್ವ್‌ನಲ್ಲಿ 8 ಹಂತ, ಎಂಟನೆಯದು ಹೆಚ್ಚುಕಡಿಮೆ ಬಂದ್ ಇದ್ದಂತೆ. ಸ್ಟ್ರಾಟಾ, ಪೊಲಾರಿಸ್‌ಗಳಲ್ಲಿ ಐದೈದು. ಬದಲಿಸಲು ಕೆಲವೇ ನಿಮಿಷ ಸಾಕು, ನೋವಿಲ್ಲ. ಮಾಮೂಲಿ ವಾಲ್ವ್ ಸರಿಹೊಂದದಿದ್ದರೆ ಇರುವ ದಾರಿ ಮತ್ತೊಂದು ಆಪರೇಷನ್.

ಇದರ ಜತೆ ಆಂಟಿ-ಸೈಫನ್ ಅಥವಾ ಗ್ರಾವಿಟಿ ಭಾಗ ಇದೆಯೆ ಎಂದೂ ಕೇಳಿ. ಮಲಗಿದಾಗ ತಲೆ, ಹೊಟ್ಟೆ ಒಂದೇ ಮಟ್ಟದಲ್ಲಿರುತ್ತವೆ. ಎದ್ದು ಕೂತರೆ ಕೊಳವೆಯಲ್ಲಿ 40-60 ಸೆಂ.ಮೀ. ಎತ್ತರದ ನೀರಿನ ಕಂಬ ನಿಂತು ತಲೆಯಿಂದ ಕೆಳಕ್ಕೆ ಎಳೆಯುತ್ತದೆ, 100 ಮಿ.ಮೀ.ಗೆ ಕೂರಿಸಿದ ವಾಲ್ವ್ ಅದರ ಮುಂದೆ ತಡೆಯೇ ಅಲ್ಲ. ಗ್ರಾವಿಟಿ ವಾಲ್ವ್ ನೆಟ್ಟಗಾದಾಗ ಮಾತ್ರ ಹೆಚ್ಚುವರಿ ತಡೆ ಒಡ್ಡುತ್ತದೆ. ಜರ್ಮನಿಯ ಸ್ವಾಸೋನಾ ಅಧ್ಯಯನ, 2013ರಲ್ಲಿ ಪ್ರಕಟವಾದದ್ದು, ಇದರಿಂದ ಅತಿಯಾಗಿ ನೀರು ಇಳಿಯುವ ತೊಂದರೆ ಕಡಿಮೆಯಾಗುತ್ತದೆ ಎಂದು ತೋರಿಸಿದೆ. ಹಣ ಹೊಂದುವುದಾದರೆ ಎನ್‌ಪಿಎಚ್‌ಗೆ ಬದಲಿಸಬಲ್ಲ ವಾಲ್ವ್ ಮತ್ತು ಈ ತಡೆ, ಎರಡೂ ಇರಲಿ ಎಂಬುದು ನಮ್ಮ ಸಲಹೆ. ಸರ್ಕಾರಿ ಯೋಜನೆ ಅಥವಾ ವಿಮೆಯಲ್ಲಿ ಹೋಗುವವರು ವಾಲ್ವ್‌ನ ಖರ್ಚೂ ಪ್ಯಾಕೇಜಿನಲ್ಲಿ ಸೇರಿದೆಯೆ ಎಂದು ದಾಖಲಾಗುವ ಮೊದಲೇ ಬರೆಸಿಕೊಳ್ಳಿ.

ಸೋಂಕಿನ ಬಗ್ಗೆ ಒಂದು ಮಾತು: ಆ್ಯಂಟಿಬಯಾಟಿಕ್ ತುಂಬಿದ ಕೊಳವೆ ಸಿಗುತ್ತದೆ. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಬೇಸಿಕ್ಸ್ ಅಧ್ಯಯನದಲ್ಲಿ ಮಾಮೂಲಿ ಕೊಳವೆಗೆ ಶೇ 6ರಷ್ಟು ಸೋಂಕು ಬಂದರೆ ಇದಕ್ಕೆ ಶೇ 2 ಮಾತ್ರ.

ಅತ್ತೆಗೆ 81. ಈ ವಯಸ್ಸಿನಲ್ಲಿ ಶಂಟ್ ಹಾಕಿಸಿ ಏನು ಪ್ರಯೋಜನ ಅನ್ನುತ್ತಾರೆ ನೆಂಟರು. ಮರೆವು ಹೋಗುತ್ತದೆಯೆ?
— ಮಂಗಳೂರಿನ ಓದುಗರು

ವಯಸ್ಸೊಂದೇ ಅಡ್ಡಿಯಲ್ಲ. ಹೃದಯ, ಶ್ವಾಸಕೋಶ ಅರಿವಳಿಕೆ ತಡೆದುಕೊಳ್ಳುವಂತಿದ್ದರೆ 80 ದಾಟಿದವರಿಗೂ ಮಾಡುತ್ತಾರೆ. ಪ್ರಯೋಜನ ನಿಜವೋ, ಭ್ರಮೆಯೋ ಎಂಬ ವಾದ ಬಹಳ ಕಾಲ ಇತ್ತು. 2025ರಲ್ಲಿ ಪ್ರಕಟವಾದ ಪೆನ್ಸ್ ಅಧ್ಯಯನ ಅದಕ್ಕೆ ನೇರ ಉತ್ತರ ಕೊಟ್ಟಿದೆ. 99 ರೋಗಿಗಳಿಗೆ ಒಂದೇ ಬಗೆಯ ವಾಲ್ವ್ ಹಾಕಿ, ಅರ್ಧ ಮಂದಿಗೆ ತೆರೆದಿಟ್ಟರು, ಇನ್ನರ್ಧ ಮಂದಿಗೆ ಬಂದ್ ಹಂತದಲ್ಲಿಟ್ಟರು. ಯಾರದ್ದು ತೆರೆದಿದೆ ಎಂದು ರೋಗಿಗೂ ತಿಳಿಯದು, ಅಳೆಯುವವರಿಗೂ ತಿಳಿಯದು. ಮೂರು ತಿಂಗಳಿಗೆ ತೆರೆದವರ ನಡಿಗೆಯ ವೇಗ ಸೆಕೆಂಡಿಗೆ 0.23 ಮೀಟರ್ ಹೆಚ್ಚಿತು, ಬಂದ್ ಇದ್ದವರದ್ದು 0.03 ಅಷ್ಟೇ. ಬೀಳುವುದೂ ಕಡಿಮೆಯಾಯಿತು. ಮುದುಕರಲ್ಲಿ ಬೀಳುವುದೆಂದರೆ ತೊಡೆಮೂಳೆ ಮುರಿತ ಎಂದು ತಿಳಿದವರಿಗೆ ಇದರ ಬೆಲೆ ಗೊತ್ತು. ಆದರೆ ಬುರುಡೆಯೊಳಗೆ ರಕ್ತ ನಿಲ್ಲುವುದು ತೆರೆದವರಲ್ಲಿ ಶೇ 12, ಬಂದ್ ಇದ್ದವರಲ್ಲಿ ಶೇ 2. ಎರಡನ್ನೂ ತೂಗಿ ನಿರ್ಧರಿಸಿ.

ಮರೆವಿನ ಬಗ್ಗೆ ದೊಡ್ಡ ಆಸೆ ಇಟ್ಟುಕೊಳ್ಳಬೇಡಿ. ಸುಧಾರಿಸುವುದರಲ್ಲಿ ನಡಿಗೆ ಮೊದಲು, ಆಮೇಲೆ ಮೂತ್ರ, ಕೊನೆಗೆ ನೆನಪು, ಅದೂ ಸ್ವಲ್ಪ. ಮಾತಿಗೆ ಬೇಗ ಉತ್ತರ ಕೊಡುವುದು, ಕೆಲಸದಲ್ಲಿ ಆಸಕ್ತಿ ಬರುವುದು ಇಂಥವು ಕಾಣಬಹುದು. ಮರೆವೇ ಮೊದಲು ಶುರುವಾಗಿ, ವರ್ಷಗಳ ನಂತರ ನಡಿಗೆ ಕೆಟ್ಟಿದ್ದರೆ ಅಲ್‌ಝೈಮರ್ ಕಾಯಿಲೆಯ ಸಂಶಯ ಹೆಚ್ಚು, ಶಂಟ್ ಫಲ ಕಡಿಮೆ.

ಆಪರೇಷನ್ ಎಷ್ಟು ಹೊತ್ತು? ಅಪ್ಪ ಹೃದಯದ ಸ್ಟೆಂಟ್‌ಗೆ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಾರೆ.
— ತುಮಕೂರಿನ ಓದುಗರು

ಒಂದರಿಂದ ಒಂದೂವರೆ ಗಂಟೆ; ಎಲ್ಲ ಸರಿಯಿದ್ದರೆ ಮೂರ್ನಾಲ್ಕು ದಿನಕ್ಕೆ ಮನೆಗೆ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಸ್ಟೆಂಟ್ ಹಾಕಿ ಎಷ್ಟು ದಿನವಾಯಿತು ಎಂಬುದರ ಮೇಲೆ ಹೃದಯದ ಡಾಕ್ಟರ್ ಮತ್ತು ನರಶಸ್ತ್ರಚಿಕಿತ್ಸಕರು ಮಾತಾಡಿಕೊಂಡು ತೀರ್ಮಾನಿಸಬೇಕು. ಸ್ಟೆಂಟ್ ಹೊಸದಾದರೆ ಶಂಟನ್ನೇ ಕೆಲವು ತಿಂಗಳು ಮುಂದೂಡುವುದುಂಟು. ಮತ್ತೆ ಯಾವಾಗ ಶುರು ಮಾಡಬೇಕು ಎಂಬುದನ್ನೂ ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ; ಹೆಚ್ಚಿನ ಎಡವಟ್ಟು ಆಗುವುದು ಅಲ್ಲೇ.

ಶಂಟ್ ಹಾಕಿ ಏಳು ತಿಂಗಳು. ಮೊದಲ ಎರಡು ತಿಂಗಳು ಯಜಮಾನರು ಕೋಲಿಲ್ಲದೆ ನಡೆದರು. ಈಗ ಮತ್ತೆ ಹಳೆಯ ಕತೆ. ‘ಶಂಟ್ ಕೆಲಸ ಮಾಡಲಿಲ್ಲ’ ಎಂದು ಬಿಟ್ಟುಬಿಡಬೇಕೆ?
— ಕುಂದಾಪುರದ ಓದುಗರು

ಖಂಡಿತ ಬಿಡಬೇಡಿ. ಎರಡು ತಿಂಗಳು ನಡೆದದ್ದೇ ಕಾಯಿಲೆ ಇದೇ ಎಂಬುದಕ್ಕೆ ದೊಡ್ಡ ಪುರಾವೆ. ಮೊದಲು ಸುಧಾರಿಸಿ ಆಮೇಲೆ ಕೆಟ್ಟರೆ, ಬೇರೇನೋ ಎಂದು ಸಾಬೀತಾಗುವವರೆಗೆ ಶಂಟ್‌ನಲ್ಲೇ ತೊಂದರೆ ಎಂದು ಹುಡುಕಬೇಕು.

ಶುರು ಮಾಡಬೇಕಾದದ್ದು ವಾಲ್ವ್‌ನಿಂದ. ಅದೀಗ ಯಾವ ಹಂತದಲ್ಲಿದೆ? ಆಪರೇಷನ್ ನಂತರದ ಚೀಟಿಯಲ್ಲಿ ಬರೆದ ಸಂಖ್ಯೆಯೂ ಈಗಿನದ್ದೂ ಒಂದೆಯೆ? ಕೆಲವು ವಾಲ್ವ್‌ಗಳನ್ನು ಉಪಕರಣವೇ ಓದುತ್ತದೆ, ಕೆಲವಕ್ಕೆ ಬುರುಡೆಯ ಎಕ್ಸ್‌ರೇ ಬೇಕು. ನಡುವೆ ಎಂ.ಆರ್.ಐ. ಆಗಿದ್ದರೆ ಹಂತ ತಾನಾಗಿ ಬದಲಾಗಿರಬಹುದು. ಆಮೇಲೆ ಸಿ.ಟಿ. ರಕ್ತ ಅಥವಾ ನೀರು ನಿಂತಿದೆಯೆ, ಕೊಳವೆಯ ತುದಿ ಕುಹರದಲ್ಲೇ ಇದೆಯೆ ಎಂದು ಅದರಲ್ಲಿ ತಿಳಿಯುತ್ತದೆ. ಒಂದು ಎಚ್ಚರಿಕೆ: ಶಂಟ್ ಚೆನ್ನಾಗಿ ಕೆಲಸ ಮಾಡುತ್ತಿದ್ದರೂ ಎನ್‌ಪಿಎಚ್‌ನಲ್ಲಿ ಕುಹರ ಅಷ್ಟಾಗಿ ಚಿಕ್ಕದಾಗದಿರಬಹುದು. ‘ಕುಹರ ಹಾಗೇ ಇದೆ’ ಎಂಬ ಸಾಲನ್ನು ನೋಡಿ ಗಾಬರಿ ಬೇಡ, ‘ಬದಲಾವಣೆ ಇಲ್ಲ’ ಎಂಬುದನ್ನು ನೋಡಿ ಸಮಾಧಾನವೂ ಬೇಡ.

ಮೂರನೆಯದು ತಲೆ, ಕತ್ತು, ಎದೆ, ಹೊಟ್ಟೆಯ ಸಾಲು ಎಕ್ಸ್‌ರೇ. ಕೊಳವೆ ಎಲ್ಲಾದರೂ ಕಳಚಿದೆಯೆ, ತುಂಡಾಗಿದೆಯೆ, ಹೊಟ್ಟೆಯಿಂದ ಮೇಲೆ ಸರಿದು ಚರ್ಮದಡಿ ಸುತ್ತಿಕೊಂಡಿದೆಯೆ ಎಂದು ಅದು ತೋರಿಸುತ್ತದೆ. ದಪ್ಪ ಹೊಟ್ಟೆಯವರಲ್ಲಿ ಇದು ಸಾಮಾನ್ಯವಾಗಿ ಮರೆತುಹೋಗುವ ಕಾರಣ. ಹೊಟ್ಟೆಯ ತುದಿಯಲ್ಲಿ ನೀರಿನ ಗಂಟು ಕಟ್ಟಿದ್ದರೆ ಅಲ್ಟ್ರಾಸೌಂಡ್‌ನಲ್ಲಿ ಕಾಣುತ್ತದೆ. ಮೇಲಿನ ತುದಿಯನ್ನು ಕುಹರದೊಳಗಿನ ಅಂಗಾಂಶ ಮುಚ್ಚುವುದೂ ಉಂಟು. ತೀವ್ರ ಮಲಬದ್ಧತೆಯಿಂದ ಹೊಟ್ಟೆಯ ಒತ್ತಡ ಏರಿ ಶಂಟ್ ಹರಿವು ನಿಂತು, ಹೊಟ್ಟೆ ಖಾಲಿಯಾದ ಮೇಲೆ ಸರಿಯಾದ ಉದಾಹರಣೆಗಳಿವೆ. ಇದನ್ನು ಕೇಳದೆ ಮರು ಆಪರೇಷನ್‌ಗೆ ಹೋಗಬಾರದು.

ಇಷ್ಟೂ ಸರಿಯಿದ್ದರೆ ವಾಲ್ವ್‌ನ ಒತ್ತಡವನ್ನು 10 ಅಥವಾ 20 ಮಿ.ಮೀ. ಇಳಿಸಿ, ಎರಡರಿಂದ ನಾಲ್ಕು ವಾರ ಕಾದು ಮತ್ತೆ ನಡಿಗೆ ಅಳೆಯುತ್ತಾರೆ. ಬೇಕಾದರೆ ಮತ್ತೆ ಇಳಿಸುತ್ತಾರೆ. ಎನ್‌ಪಿಎಚ್‌ನಲ್ಲಿ ಇಂಥ ಎರಡು-ಮೂರು ಭೇಟಿ ಚಿಕಿತ್ಸೆಯ ಭಾಗವೇ. ಆಪರೇಷನ್ ಆಯಿತು, ಹೊಲಿಗೆ ಬಿಚ್ಚಿತು, ಇನ್ನು ಹೋಗಬೇಕಿಲ್ಲ ಎಂದು ನಿಲ್ಲಿಸಿದ ಎಷ್ಟೋ ಮಂದಿ ಸುಧಾರಿಸಬಹುದಾಗಿದ್ದೂ ಹಾಗೇ ಉಳಿದಿದ್ದಾರೆ. ಆಪರೇಷನ್ ಮಾಡಿದ ಊರು ದೂರವಾದರೆ ನಿಮ್ಮ ವಾಲ್ವ್‌ನ ಉಪಕರಣ ಹತ್ತಿರದ ಯಾವ ಆಸ್ಪತ್ರೆಯಲ್ಲಿದೆ ಎಂದು ಮೊದಲೇ ವಿಚಾರಿಸಿ. ಒಂದು ಕಂಪನಿಯ ಉಪಕರಣ ಇನ್ನೊಂದರ ವಾಲ್ವ್‌ಗೆ ಆಗದು.

ಕೂತರೆ ತಲೆನೋವು, ಮಲಗಿದರೆ ಇಲ್ಲ. ಶಂಟ್ ಹಾಕಿ ಮೂರು ವಾರ.
— ಹುಬ್ಬಳ್ಳಿಯ ಓದುಗರು

ಇದು ಹೆಚ್ಚು ನೀರು ಇಳಿಯುತ್ತಿರುವ ಲಕ್ಷಣ. ಸರ್ಜನ್‌ಗೆ ಇವತ್ತೇ ತಿಳಿಸಿ. ಸಿ.ಟಿ. ಮಾಡಿ, ವಾಲ್ವ್‌ನ ಒತ್ತಡ ಏರಿಸಿದರೆ ಬಹಳಷ್ಟು ಜನರಿಗೆ ಹೋಗುತ್ತದೆ. ತೆಳುವಾಗಿ ರಕ್ತ ನಿಂತಿದ್ದರೂ ಒತ್ತಡ ಏರಿಸಿ ಕಾಯಬಹುದು. ದಪ್ಪನಾಗಿ ನಿಂತು ಮಿದುಳನ್ನು ಒತ್ತುತ್ತಿದ್ದರೆ ಬುರುಡೆಗೆ ರಂಧ್ರ ಮಾಡಿ ತೆಗೆಯಬೇಕು. ತಲೆನೋವಿನ ಜತೆ ಮಂಪರು, ವಾಂತಿ, ಒಂದು ಬದಿ ಕೈಕಾಲು ಸೋಲುವುದು, ಮಾತು ತೊದಲುವುದು ಕಂಡರೆ ಫೋನ್ ಮಾಡುತ್ತಾ ಕೂರದೆ ತುರ್ತು ವಿಭಾಗಕ್ಕೆ ಹೋಗಿ. ಶಂಟ್ ಇರುವವರು ಬಿದ್ದು ತಲೆಗೆ ಪೆಟ್ಟಾದರೆ, ಚೆನ್ನಾಗಿ ಕಂಡರೂ ಸಿ.ಟಿ. ಮಾಡಿಸಿ.

ವಾಲ್ವ್ ಮೇಲಿನ ಗುಳ್ಳೆಯನ್ನು ಒತ್ತಿ ‘ಪಂಪ್’ ಮಾಡಿ ನೋಡುವ ಅಭ್ಯಾಸ ಕೆಲವು ಮನೆಗಳಲ್ಲಿದೆ. ಡಾಕ್ಟರ್ ಹೇಳದೆ ಮಾಡಬೇಡಿ. ಅದರಿಂದಲೂ ನೀರು ಅತಿಯಾಗಿ ಇಳಿಯುತ್ತದೆ.

ಮಗಳ ಮನೆಗೆ ದುಬೈಗೆ ಹೋಗುವುದಿದೆ. ವಿಮಾನ, ಸ್ಕ್ಯಾನರ್, ಮೊಬೈಲ್, ಎಂ.ಆರ್.ಐ. ತೊಂದರೆಯೆ?
— ಬೆಂಗಳೂರಿನ ಓದುಗರು

ವಿಮಾನ ಪ್ರಯಾಣಕ್ಕೆ ಅಡ್ಡಿಯಿಲ್ಲ, ಆಪರೇಷನ್ ನಂತರ ಎಷ್ಟು ದಿನಕ್ಕೆ ಎಂದು ಮಾತ್ರ ಸರ್ಜನ್ ಒಪ್ಪಿಗೆ ಪಡೆಯಿರಿ. ಬಾಗಿಲಿನ ಸ್ಕ್ಯಾನರ್ ದಾಟಬಹುದು. ಕೈಯಲ್ಲಿ ಹಿಡಿಯುವ ಸ್ಕ್ಯಾನರ್ ಪಟ್ಟಿಯನ್ನು ವಾಲ್ವ್ ಮೇಲೆ ಆಡಿಸದಂತೆ, ವಾಲ್ವ್‌ನ ವಿವರವಿರುವ ಕಾರ್ಡ್ ತೋರಿಸಿ ಕೇಳಿ.

ಮೊಬೈಲ್, ಇಯರ್‌ಫೋನ್, ಅಯಸ್ಕಾಂತದ ಕವರ್ ಇರುವ ಟ್ಯಾಬ್ಲೆಟ್ ವಾಲ್ವ್‌ನಿಂದ ಕನಿಷ್ಠ 5 ಸೆಂ.ಮೀ. ದೂರವಿರಲಿ, ಫೋನನ್ನು ಇನ್ನೊಂದು ಕಿವಿಗೆ ಹಿಡಿಯಿರಿ. ನಮಗೆ ಹೆಚ್ಚು ಚಿಂತೆ ಇರುವುದು ನೋವಿಗೆಂದು ಮಾರುವ ಅಯಸ್ಕಾಂತದ ದಿಂಬು, ಹಾಸಿಗೆ, ಕತ್ತಿನ ಪಟ್ಟಿಗಳ ಬಗ್ಗೆ. ಇಡೀ ರಾತ್ರಿ ವಾಲ್ವ್‌ಗೆ ಅಂಟಿಕೊಂಡೇ ಇರುವ ಇಂಥವುಗಳನ್ನು ಮನೆಯಿಂದಲೇ ತೆಗೆದುಬಿಡಿ.

ಎಂ.ಆರ್.ಐ. ಮಾಡಿಸಬಹುದು, ಆದರೆ ವಾಲ್ವ್‌ನ ಹೆಸರು ಹೇಳದೆ ಯಂತ್ರದೊಳಗೆ ಹೋಗಬೇಡಿ. ಸರ್ಟಾಸ್ ಪ್ಲಸ್, ಪೊಲಾರಿಸ್, ಪ್ರೊಗಾವ್ 2.0 ಇಂಥವು 3 ಟೆಸ್ಲಾ (ಯಂತ್ರದ ಅಯಸ್ಕಾಂತ ಶಕ್ತಿಯ ಅಳತೆ) ವರೆಗೆ ಹಂತ ಬದಲಾಗದಂತೆ ತಯಾರಾದವು. ಸ್ಟ್ರಾಟಾ, ಹಳೆಯ ಕಾಡ್ಮನ್ ಹಕೀಮ್ ಅಂಥವು ಬದಲಾಗಬಹುದು. ಸ್ಕ್ಯಾನ್ ಮುಗಿದ ಕೂಡಲೇ ಹಂತ ಪರೀಕ್ಷಿಸಿ ಮತ್ತೆ ಕೂರಿಸಬೇಕು. ಕಾರ್ಡ್‌ನಲ್ಲಿ ವಾಲ್ವ್‌ನ ಕಂಪನಿ, ಮಾದರಿ, ಈಗಿನ ಹಂತ, ಹಂತ ಬದಲಿಸಿದ ದಿನಾಂಕ, ಶಂಟ್ ಯಾವ ಬದಿಗಿದೆ ಎಂಬುದಿರಲಿ. ಅದರ ಫೋಟೊ ಮನೆಯ ಎಲ್ಲರ ಮೊಬೈಲಿನಲ್ಲಿರಲಿ.

ಶಂಟ್ ಇರುವ ತಂದೆ ತಿರುಪತಿಯಲ್ಲಿ ಮುಡಿ ಕೊಡಬೇಕೆಂದು ಹಟ ಹಿಡಿದಿದ್ದಾರೆ. ಯೋಗವನ್ನೂ ಮತ್ತೆ ಶುರು ಮಾಡುತ್ತೇನೆ ಅನ್ನುತ್ತಾರೆ.
— ಕೋಲಾರದ ಓದುಗರು

ಗಾಯ ಪೂರ್ತಿ ಮಾಗಿ, ಸರ್ಜನ್ ನೋಡಿ ಒಪ್ಪಿದ ಮೇಲೆ ಮುಡಿ ಕೊಡಬಹುದು, ಆದರೆ ವಾಲ್ವ್ ಮತ್ತು ಕೊಳವೆಯ ಮೇಲೆ ಬ್ಲೇಡ್ ಆಡಬಾರದು. ಮುದುಕರ ಚರ್ಮ ತೆಳು. ವಾಲ್ವ್ ಉಬ್ಬಿರುವಲ್ಲಿ ಒಂದು ಗೀರು ಬಿದ್ದರೂ ಸೋಂಕು ಒಳಗಿಳಿಯಲು ಸಾಕು. ಸೋಂಕು ತಗಲಿದರೆ ಆ್ಯಂಟಿಬಯಾಟಿಕ್ ಮಾತ್ರ ಸಾಲದೆ ಹೆಚ್ಚಾಗಿ ಇಡೀ ಶಂಟನ್ನೇ ತೆಗೆಯಬೇಕಾಗುತ್ತದೆ. ಊರಲ್ಲೇ ಟ್ರಿಮ್ಮರ್‌ನಿಂದ ಸಣ್ಣಗೆ ಕತ್ತರಿಸಿಕೊಂಡು ಹೋಗಿ, ಅಲ್ಲಿ ಮೂರು ಕತ್ತರಿ ಮುಡಿ ಕೊಡುವುದು ಕ್ಷೇಮ. ಕ್ಷೌರದ ಅಂಗಡಿಯ ತಲೆ ಮಸಾಜ್ ಬೇಡ.

ಯೋಗದಲ್ಲಿ ಶೀರ್ಷಾಸನ, ಸರ್ವಾಂಗಾಸನ, ಕತ್ತನ್ನು ಜೋರಾಗಿ ತಿರುಚುವ ಭಂಗಿಗಳನ್ನು ಬಿಡಿಸಿ. ಕುರ್ಚಿಯ ಮೇಲಿನ ವ್ಯಾಯಾಮ, ಪ್ರಾಣಾಯಾಮ ಸಾಕು. ಉಸಿರು ಬಿಗಿಹಿಡಿಯುವುದು, ಕಪಾಲಭಾತಿ ಬೇಡ. ದಿನಾ ಒಂದೇ ಹಾದಿಯಲ್ಲಿ ನಡೆಸಿ. ತಿರುಗುವಾಗ ಹೆಜ್ಜೆ ಎಣಿಸಿ, ತಿಂಗಳಿಗೊಮ್ಮೆ ಕ್ಯಾಲೆಂಡರಿನಲ್ಲಿ ಬರೆಯಿರಿ. ಐದು ಇದ್ದದ್ದು ಎಂಟಾದರೆ ವಾಲ್ವ್ ತೋರಿಸುವ ಹೊತ್ತು ಬಂತು.